ಬೀಜದ ಪೆನ್ನಿಗಿಂತ ಇಂಕ್ ಪೆನ್ನೇ ವಾಸಿ

ಮೊದಲೇ ಹೇಳಿಬಿಡುತ್ತೇನೆ. ಕಸ ಕಮ್ಮಿ ಆಗಬೇಕು ಅಂದರೆ ಇಂಕ್ ಪೆನ್ನು ತಗೊಳ್ಳಿ, ಬಿಸಾಡಿದಾಗ ಮೊಳೆಯಲಿ ಅಂತ ಹಿಂತುದಿಯಲ್ಲಿ ಬೀಜ ಇಟ್ಟಿರುವ ಕಾಗದದ ಪೆನ್ನಲ್ಲ. ಎರಡನ್ನೂ, ಜತೆಗೆ ಮಾಮೂಲಿ ರಿಫಿಲ್ ಪೆನ್ನನ್ನೂ ಬಳಸಿ ನೋಡಿದ್ದೇನೆ.

ನಾನಿರುವುದು ಧಾರವಾಡದ ಸಪ್ತಾಪುರದಲ್ಲಿ. ಇಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುವವರೇ ಜಾಸ್ತಿ. ದಿನಾ ಉತ್ತರ ಬರೆದು ರೂಢಿ ಮಾಡುವವರ ಕೈಯಲ್ಲಿ ಯೂಸ್ ಆ್ಯಂಡ್ ಥ್ರೋ ಪೆನ್ನು ಎಷ್ಟು ದಿನ ಬಂದೀತು? ಮುಗಿದ ಪೆನ್ನನ್ನು ಗುಜರಿಯವರೂ ಮುಟ್ಟುವುದಿಲ್ಲ. ಪ್ಲಾಸ್ಟಿಕ್ ನಳಿಗೆ, ಲೋಹದ ಮೊನೆ, ಒಳಗೆ ಉಳಿದ ಎಣ್ಣೆಯಂಥ ಇಂಕು ಎಲ್ಲ ಒಂದಕ್ಕೊಂದು ಅಂಟಿರುತ್ತವೆ. ಅಷ್ಟು ಚಿಕ್ಕದನ್ನು ಬಿಡಿಸುತ್ತ ಕೂರುವವರು ಯಾರು? 2022ರ ಜುಲೈ 1ರಿಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧ ಬಂತಲ್ಲ, ಆ ಪಟ್ಟಿಯಲ್ಲಿ ಕಿವಿಕಡ್ಡಿ ಇದೆ, ಸ್ಟ್ರಾ ಇದೆ, ಐಸ್‌ಕ್ರೀಮ್ ಕಡ್ಡಿ ಇದೆ. ಪೆನ್ನು ಇಲ್ಲ. ಹಾಗಾಗಿ ಏನಾದರೂ ಮಾಡುವುದಿದ್ದರೆ ನಾವು ಮತ್ತು ಅಂಗಡಿಯವರೇ ಮಾಡಬೇಕು.

ಕಾಗದದ ಪೆನ್ನು ನೋಡಲು ಚೆಂದ. ಹಳೇ ಪೇಪರನ್ನು ಬಿಗಿಯಾಗಿ ಸುತ್ತಿ ಅಂಟಿಸಿರುತ್ತಾರೆ. ಹಿಂತುದಿಯಲ್ಲಿ ತುಳಸಿಯದೋ ಟೊಮೆಟೊದ್ದೋ ಬೀಜ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಒಂದು ಕಟ್ಟು ತಂದೆ. ಒಂದೊಂದು ಪೆನ್ನಿಗೂ ಬೇರೆ ಬೇರೆ ಪ್ಲಾಸ್ಟಿಕ್ ಕವರು, ಅಲ್ಲೇ ಬೇಸರ ಶುರುವಾಯಿತು.

ನಿಜವಾದ ತಾಪತ್ರಯ ಇಂಕು ಮುಗಿದಾಗ. ರಿಫಿಲ್ ಬದಲಿಸೋಣ ಅಂತ ಮೊನೆ ಹಿಡಿದು ಎಳೆದರೆ ಬರಲೊಲ್ಲದು. ಇಕ್ಕಳ ಹಾಕಿ ಜಗ್ಗಿದೆ. ಮೊನೆ ಕಿತ್ತು ಬಂತು, ನಳಿಗೆ ಒಳಗೇ ಉಳಿಯಿತು, ಬೆರಳೆಲ್ಲ ನೀಲಿ. ಇನ್ನೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ರಿಫಿಲ್ಲನ್ನು ಕಾಗದದ ಸುರುಳಿಗೇ ಗೋಂದು ಹಾಕಿ ಕೂರಿಸಿದ್ದಾರೆ. ಅದೂ ಮಾಮೂಲಿ ಪ್ಲಾಸ್ಟಿಕ್ ರಿಫಿಲ್ಲೇ, ಬೀಜಕ್ಕೆ ಜಾಗ ಬಿಡಬೇಕಲ್ಲ ಅಂತ ಗಿಡ್ಡ ಮಾಡಿದ್ದು ಬೇರೆ. ಗಿಡ್ಡ ಅಂದರೆ ಇಂಕು ಬೇಗ ಖಾಲಿ. ಬದಲಿಸುವ ಹಾಗಿಲ್ಲ ಅಂದರೆ ಮತ್ತೊಂದು ಪೆನ್ನು. ನನ್ನಷ್ಟು ಬರೆಯುವವರು ಇದನ್ನು ಬಳಸಿದರೆ ತಿಂಗಳ ಕೊನೆಗೆ ಬುಟ್ಟಿಯಲ್ಲಿ ಮೊದಲಿಗಿಂತ ಜಾಸ್ತಿ ರಿಫಿಲ್ ಬಿದ್ದಿರುತ್ತವೆ.

ಇನ್ನು ಧಾರವಾಡದ ಮಳೆ ಗೊತ್ತಲ್ವಾ, ಹಿಡಿದರೆ ವಾರಗಟ್ಟಲೆ ಜಿಟಿಜಿಟಿ. ಬ್ಯಾಗಿನ ತೇವಕ್ಕೆ ಸುರುಳಿ ಮೆತ್ತಗಾಗಿ, ಬೆರಳು ಹಿಡಿಯುವ ಕಡೆಯೇ ಬಿಚ್ಚಿಕೊಂಡಿತು. ಬೀಜ ಮೊಳೆಯಿತು, ಅದು ಖುಷಿಯೇ. ಆದರೆ ತುಳಸಿ ಬೀಜ ಬೇಕಿದ್ದರೆ ಯಾರ ಮನೆ ಕಟ್ಟೆಯಲ್ಲಾದರೂ ಸಿಗುತ್ತದೆ.

ರಿಫಿಲ್ ಪೆನ್ನಿನ ಬಗ್ಗೆ ನನಗೆ ತಕರಾರಿಲ್ಲ. ಗಟ್ಟಿ ಮೈಯದ್ದು ಒಂದಿದ್ದರೆ ವರ್ಷಗಟ್ಟಲೆ ಬರುತ್ತದೆ. ಪರೀಕ್ಷೆಯಲ್ಲಿ ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಗೆ ನೀಲಿ ಅಥವಾ ಕಪ್ಪು ಬಾಲ್ ಪೆನ್ನೇ ಬೇಕು, ಹಾಗಾಗಿ ಒಂದು ಇಟ್ಟುಕೊಳ್ಳಲೇಬೇಕು. ಕಷ್ಟ ಇರುವುದು ಅಂಗಡಿಯಲ್ಲಿ. “ರಿಫಿಲ್ ಇಲ್ರೀ, ಹೊಸಾ ಪೆನ್ನೇ ತಗೋರಿ, ಅದೇ ಸೋವಿ ಬೀಳ್ತೈತಿ” ಅನ್ನುತ್ತಾರೆ. ರಿಫಿಲ್ಲಿನಲ್ಲಿ ಸಿಗುವ ಲಾಭ ಕಮ್ಮಿ, ಒಂದೊಂದು ಪೆನ್ನಿಗೆ ಒಂದೊಂದು ಅಳತೆ, ಎಲ್ಲವನ್ನೂ ಇಡುವುದು ಸುಲಭ ಅಲ್ಲ, ಒಪ್ಪುತ್ತೇನೆ. ಆದರೂ ಜಾಸ್ತಿ ಹೋಗುವ ಎರಡು ಮೂರು ಅಳತೆಯದ್ದಾದರೂ ಇಡಬಹುದು.

ಇಂಕ್ ಪೆನ್ನಿನಲ್ಲಿ ಖಾಲಿ ಬಾಟಲಿ ಬಿಟ್ಟರೆ ಬಿಸಾಡುವುದೇ ಇಲ್ಲ. ನನ್ನದು ಡ್ರಾಪರಿನಿಂದ ನೇರ ಹೊಟ್ಟೆಗೇ ಇಂಕು ತುಂಬುವ ಹಳೇ ಮಾದರಿಯದ್ದು. ಒಂದು ಸಲಕ್ಕೆ 2 ಮಿ.ಲೀ. ಹಿಡಿಯುತ್ತದೆ ಅಂದುಕೊಂಡರೂ 60 ಮಿ.ಲೀ. ಬಾಟಲಿಯಲ್ಲಿ 30 ಸಲ ತುಂಬಬಹುದು. ಒತ್ತಿ ಬರೆಯಬೇಕಿಲ್ಲ, ಮೂರು ತಾಸು ಬರೆದರೂ ಹೆಬ್ಬೆರಳು ನೋಯುವುದಿಲ್ಲ. ಒಂದೇ ಎಚ್ಚರಿಕೆ: ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಕೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ನಿಬ್ಬಿನಿಂದ ತೊಟ್ಟಿಕ್ಕುತ್ತದೆ.

ಕಮ್ಮಿ ದರದ ತೆಳು ನೋಟ್‌ಬುಕ್ಕಿನಲ್ಲಿ ಇಂಕು ಹಿಂದಿನ ಮಗ್ಗುಲಿಗೆ ಇಳಿಯುತ್ತದೆ, ಇದು ನಿಜ. ಅದಕ್ಕೆ ನಾನು ಜೆರಾಕ್ಸ್ ಅಂಗಡಿಯಲ್ಲಿ ತಪ್ಪಿ ಪ್ರಿಂಟಾದ, ಒಂದು ಮಗ್ಗುಲು ಖಾಲಿ ಇರುವ ಹಾಳೆ ಕೇಳಿ ತರುತ್ತೇನೆ. 70-75 ಜಿಎಸ್‌ಎಮ್ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಹಾಳೆ, ಒಂದೇ ಮಗ್ಗುಲಲ್ಲಿ ಬರೆಯುವುದರಿಂದ ಇಂಕು ಹಿಂದಕ್ಕೆ ಇಳಿದರೂ ತೊಂದರೆ ಇಲ್ಲ. ಸ್ಪೈರಲ್ ಹಾಕಿಸುವುದಿಲ್ಲ, ದಬ್ಬಣದಿಂದ ತೂತು ಮಾಡಿ ದಾರದಲ್ಲಿ ಹೊಲಿಯುತ್ತೇನೆ. ಗದಗಿನ ಕಡೆಯವರಿಗೆ ಇನ್ನೂ ಸುಲಭ, ಅಲ್ಲಿನ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಕತ್ತರಿಸಿ ಉಳಿದ ಹಾಳೆ ಸಿಗುತ್ತದೆ.

ದಿನಕ್ಕೆ ಒಂದು ಸಹಿ, ಒಂದು ಚೀಟಿ ಬರೆಯುವವರಿಗೆ ರಿಫಿಲ್ ಪೆನ್ನು ಸಾಕು. ಇಂಕ್ ಪೆನ್ನು ಸುಮ್ನೆ ಬಿದ್ದರೆ ನಿಬ್ಬು ಒಣಗುತ್ತದೆ. ನನ್ನ ಹಾಗೆ ಪುಟಗಟ್ಟಲೆ ಬರೆಯುವವರಿಗೆ, ಮನೆಯಿಂದ ಬರುವ ದುಡ್ಡಿನಲ್ಲೇ ತಿಂಗಳು ತಳ್ಳುವವರಿಗೆ ಇಂಕ್ ಪೆನ್ನೇ ಸರಿ.

ಹಿಂದೆ ಅಂಗಡಿಗಳಲ್ಲೇ ಚಿಲ್ಲರೆ ಕಾಸಿಗೆ ಪೆನ್ನಿಗೆ ಇಂಕು ತುಂಬಿ ಕೊಡುತ್ತಿದ್ದರು. ಗಲ್ಲಾದ ಪಕ್ಕ ಒಂದು ಬಾಟಲಿ, ಒಂದು ಡ್ರಾಪರು ಇಟ್ಟರೆ ಈಗಲೂ ಆಗುತ್ತದೆ. ಸಪ್ತಾಪುರದಲ್ಲಿ ಯಾರಾದರೂ ಶುರು ಮಾಡಿದರೆ ಹೇಳಿ, ನಮ್ಮ ರೂಮಿನವರನ್ನೆಲ್ಲ ಕರೆದುಕೊಂಡು ಬರುತ್ತೇನೆ.