ಅಮೆರಿಕದ ಪ್ರೈಮರಿ ನೋಡಲು ಯಾವ ತಾಣ ಒಳ್ಳೆಯದು? ಮೂರು ಚುನಾವಣೆಗಳ ಬಳಕೆಯ ನಂತರ

2016ರಿಂದ ಅಮೆರಿಕದ ಅಧ್ಯಕ್ಷೀಯ ಪ್ರೈಮರಿಗಳನ್ನು (ಪಕ್ಷದ ಅಭ್ಯರ್ಥಿ ಯಾರೆಂದು ನಿರ್ಧರಿಸಲು ರಾಜ್ಯವಾರು ನಡೆಯುವ ಮತದಾನ) ಆನ್‌ಲೈನ್ ನಕ್ಷೆ, ಟ್ರ್ಯಾಕರ್‌ಗಳಲ್ಲೇ ನೋಡುತ್ತ ಬಂದಿದ್ದೇನೆ. ಡೆಲಿಗೇಟ್‌ಗಳ (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು) ಲೆಕ್ಕ ತೋರಿಸದ ತಾಣ ಎಷ್ಟೇ ಚೆಂದವಿದ್ದರೂ ನಾನು ಅದನ್ನು ನೆಚ್ಚುವುದಿಲ್ಲ.

2016ರ ಮಾರ್ಚ್ 8ರಂದು ಡೆಮಾಕ್ರಟಿಕ್ ಪಕ್ಷಕ್ಕೆ ಮಿಷಿಗನ್, ಮಿಸಿಸಿಪ್ಪಿ ಎರಡೂ ಕಡೆ ಮತದಾನವಿತ್ತು. ಮಿಷಿಗನ್‌ನಲ್ಲಿ ಬರ್ನಿ ಸ್ಯಾಂಡರ್ಸ್ ಗೆದ್ದದ್ದೇ ದೊಡ್ಡ ಸುದ್ದಿ. ಆದರೆ ಆ ಪಕ್ಷದಲ್ಲಿ ಮತದ ಪಾಲಿಗೆ ತಕ್ಕಂತೆ ಡೆಲಿಗೇಟ್ ಹಂಚುವುದರಿಂದ, ಕೂದಲೆಳೆಯ ಆ ಗೆಲುವಿನಿಂದ ಅವರಿಗೆ ಸಿಕ್ಕ ಮುನ್ನಡೆ ಬೆರಳೆಣಿಕೆಯ ಡೆಲಿಗೇಟ್‌ಗಳು. ಅತ್ತ ಮಿಸಿಸಿಪ್ಪಿಯಲ್ಲಿ ಶೇ. 80ಕ್ಕೂ ಹೆಚ್ಚು ಮತ ಬಾಚಿಕೊಂಡ ಎದುರಾಳಿ ಹಿಲರಿ ಕ್ಲಿಂಟನ್, ಆ ದಿನದ ಒಟ್ಟು ಲೆಕ್ಕದಲ್ಲಿ ಇನ್ನಷ್ಟು ಮುಂದೆ ಹೋದರು. ಗೆದ್ದವರ ಬಣ್ಣ ಬಳಿದು ಸುಮ್ಮನಾಗುವ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಅದೇ ಮಾರ್ಚ್ 15ರಂದು ರಿಪಬ್ಲಿಕನ್ನರ ಫ್ಲಾರಿಡಾದಲ್ಲಿ ಡೊನಾಲ್ಡ್ ಟ್ರಂಪ್‌ಗೆ ಅರ್ಧದಷ್ಟೂ ಮತ ಬರಲಿಲ್ಲ, ಆದರೂ 99 ಡೆಲಿಗೇಟ್‌ಗಳೂ ಅವರ ಪಾಲಾದವು. ಗೆದ್ದವರಿಗೇ ಎಲ್ಲ ಎಂಬುದು ಅಲ್ಲಿನ ನಿಯಮ.

ದಿನಬಳಕೆಗೆ ನನ್ನ ಆಯ್ಕೆ 270ಟುವಿನ್. ಮುಂದಿನ ಮತದಾನ ಯಾವ ರಾಜ್ಯದಲ್ಲಿ, ಎಷ್ಟು ಡೆಲಿಗೇಟ್‌ಗಳು, ಯಾರ ಖಾತೆಯಲ್ಲಿ ಎಷ್ಟು ಎಂಬುದು ಬೇಗ ಸಿಗುತ್ತದೆ. ಆಳಕ್ಕೆ ಇಳಿಯಬೇಕೆಂದರೆ ದಿ ಗ್ರೀನ್ ಪೇಪರ್ಸ್. ನಕ್ಷೆಯ ಸೊಗಸಿಲ್ಲ, ಬರೀ ಅಕ್ಷರ ಮತ್ತು ಅಂಕಿ. ಆದರೆ ಪ್ರತಿ ರಾಜ್ಯದ ಹಂಚಿಕೆ ನಿಯಮ ಅಲ್ಲಿ ಬಿಡಿಬಿಡಿಯಾಗಿದೆ. ಉದಾಹರಣೆಗೆ, ಡೆಮಾಕ್ರಟಿಕ್ ಪಕ್ಷದಲ್ಲಿ ಶೇ. 15 ಮತ ಮುಟ್ಟದವರಿಗೆ ಡೆಲಿಗೇಟ್ ಇಲ್ಲ. ಈ ಮಿತಿ ಇಡೀ ರಾಜ್ಯಕ್ಕೂ ಉಂಟು, ಒಳಗಿನ ಕ್ಷೇತ್ರಗಳಿಗೂ ಬೇರೆಬೇರೆಯಾಗಿ ಉಂಟು. ಇದು ತಲೆಗೆ ಹತ್ತಿದ ಮೇಲೆ ಫಲಿತಾಂಶದ ರಾತ್ರಿ ನೋಡುವ ಖುಷಿಯೇ ಬೇರೆ. (ಭಾರತದಲ್ಲಿದ್ದರೆ ಅದು ಬೆಳಗಿನ ಕೆಲಸ: ಚಳಿಗಾಲದಲ್ಲಿ ನ್ಯೂಯಾರ್ಕಿನ ರಾತ್ರಿ 8 ಗಂಟೆ ಎಂದರೆ ನಮಗೆ ಮುಂಜಾನೆ 6.30.)

ಟ್ರ್ಯಾಕರ್‌ನಿಂದ ಪವಾಡ ನಿರೀಕ್ಷಿಸಬೇಡಿ. 2020ರ ಫೆಬ್ರುವರಿ 3ರಂದು ಪಕ್ಷದವರು ಸಭೆ ಸೇರಿ ಒಲವು ತಿಳಿಸುವ ಅಯೋವಾ ಕಾಕಸ್‌ನಲ್ಲಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟಾಗ ಎಲ್ಲ ತಾಣಗಳೂ ಖಾಲಿಯೇ ಕೂತಿದ್ದವು.

ನನಗೆ ನಿಜಕ್ಕೂ ನೋವಾದದ್ದು 2025ರ ಮಾರ್ಚ್‌ನಲ್ಲಿ ಫೈವ್‌ಥರ್ಟಿಏಟ್ ತಾಣ ಮುಚ್ಚಿದಾಗ. ಸಮೀಕ್ಷೆಗಳ ಸರಾಸರಿ, ಗೆಲುವಿನ ಸಾಧ್ಯತೆ, ಡೆಲಿಗೇಟ್ ಅಂದಾಜು ಎಲ್ಲವನ್ನೂ ಅಷ್ಟು ಶ್ರದ್ಧೆಯಿಂದ ಒಂದೆಡೆ ಇಟ್ಟವರು ಕಡಿಮೆ. ಇಂಥ ಪುಟಗಳು ವಿದ್ಯಾರ್ಥಿಗಳಿಗೆ ಪಠ್ಯವಿದ್ದಂತೆ, ಕಂಪನಿ ಬಾಗಿಲು ಹಾಕಿದೊಡನೆ ಮರೆಯಾಗಬಾರದು. ಬೇಕಾದ ಪುಟವನ್ನು ಆಗಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ.

2028ಕ್ಕೆ ನನಗೆ ಬೇಕಾದ್ದು, ಒಂದೊಂದು ಕ್ಷೇತ್ರದ ಶೇಕಡಾವಾರು ಮತವನ್ನು ನಾವೇ ಏರಿಸಿ ಇಳಿಸಿ, ಡೆಲಿಗೇಟ್ ಯಾರಿಂದ ಯಾರಿಗೆ ಜಾರುತ್ತದೆಂದು ಮೊಬೈಲ್‌ನಲ್ಲೇ ನೋಡಬಹುದಾದ ಕ್ಯಾಲ್ಕುಲೇಟರ್. ಯಾರಾದರೂ ಮಾಡಿದರೆ ಚಂದಾ ಕೊಟ್ಟೇ ಬಳಸುತ್ತೇನೆ.