ಐದು ವರ್ಷ, 58 ಸಾವಿರ ಕಿಲೋಮೀಟರ್: ತೊಳೆಯದೆ ತೋರಿಸಿದ ವ್ಯಾಗನ್ ಆರ್

ಗಾಡಿ ಮಾರುತಿ ವ್ಯಾಗನ್ ಆರ್ ವಿಎಕ್ಸ್‌ಐ, 2013ರ ಮಾಡೆಲ್, ಪೆಟ್ರೋಲ್, 998 ಸಿಸಿ. 2020ರ ಅಕ್ಟೋಬರ್‌ನಲ್ಲಿ 2,45,000 ರೂಪಾಯಿ ಕೊಟ್ಟು ತೆಗೆದುಕೊಂಡೆ. ಆಗ ಮೀಟರ್‌ನಲ್ಲಿ 46,000 ಇತ್ತು, ಈಗ 1,04,000. ಓಡಾಟ ಹೆಚ್ಚಾಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಶಾಲೆಗೆ, ಶಾಲೆಯಿಂದ ಮನೆಗೆ. ತಿಂಗಳಿಗೆ ಎರಡು ಸಲ ಮಂಗಳೂರು.

ಇದರ ಬಗ್ಗೆ ಹೇಳುವ ಮೊದಲು ಇದಕ್ಕಿಂತ ಮುಂಚೆ ಮನೆಯಲ್ಲಿದ್ದ ಗಾಡಿಯ ಕಥೆ ಹೇಳಬೇಕು. ಅದು ಯಾವ ಕಂಪನಿಯದ್ದು ಅಂತ ಹೇಳೋದಿಲ್ಲ, ಯಾಕೆಂದರೆ ತಪ್ಪು ಕಂಪನಿಯದ್ದಲ್ಲ. ಅರ್ಧ ತಪ್ಪು ಮಾರಿದವರದ್ದು, ಅರ್ಧ ನನ್ನದು.

2019ರ ಜನವರಿ. ಹೈವೇ ಪಕ್ಕದ ಒಂದು ಯಾರ್ಡ್. ಕೆಂಪು ಗಾಡಿ, 2012ರ ಮಾಡೆಲ್, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೀಟರ್‌ನಲ್ಲಿ 38,000. "ಗಲ್ಫಿನವರ ಗಾಡಿ ಮಾಷ್ಟ್ರೇ. ವರ್ಷಕ್ಕೆ ಒಂದು ತಿಂಗಳು ರಜೆಗೆ ಬರ್ತಾರೆ, ಆಗ ಮಾತ್ರ ಓಡೋದು. ಉಳಿದ ಹನ್ನೊಂದು ತಿಂಗಳು ಶೆಡ್ಡಲ್ಲೇ" ಅಂದರು ಬ್ರೋಕರ್. ನಮ್ಮ ಕಾಸರಗೋಡಿನಲ್ಲಿ ಇದನ್ನು ನಂಬದವರು ಯಾರು? ಸಂಬಂಧಿಕರಲ್ಲಿ ಒಬ್ಬರಾದರೂ ಗಲ್ಫಲ್ಲಿರುತ್ತಾರೆ, ಅವರ ಗಾಡಿ ಹಾಗೆಯೇ ಶೆಡ್ಡಲ್ಲಿ ನಿಂತಿರುತ್ತದೆ.

ನಾನು ಶಾಲೆಯಲ್ಲಿ ಕಲಿಸೋದು ಲೆಕ್ಕ. ವರ್ಷಕ್ಕೆ ಒಂದೇ ತಿಂಗಳು ಓಡಿದ ಗಾಡಿ ಆರು ವರ್ಷದಲ್ಲಿ 38,000 ಆಗಬೇಕಾದರೆ, ರಜೆಗೆ ಬಂದವರು ತಿಂಗಳಲ್ಲಿ ಆರು ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ಓಡಿಸಿರಬೇಕು. ಈ ಭಾಗಾಕಾರ ನನಗೆ ಹೊಳೆದದ್ದು ಗಾಡಿ ಮನೆಗೆ ಬಂದು ನಾಲ್ಕು ತಿಂಗಳಾದ ಮೇಲೆ!

ನಂಬರ್ ಪ್ಲೇಟ್ ಕೂಡ ಕಣ್ಣೆದುರೇ ಇತ್ತು. ಕೆಎಲ್-41, ಅಂದರೆ ಆಲುವಾ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಆಲುವಾ ಮುಳುಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಶಾಲೆಯಲ್ಲಿ ಮಕ್ಕಳಿಂದ ಪರಿಹಾರ ನಿಧಿಗೆ ದುಡ್ಡು ಒಟ್ಟು ಮಾಡಿದವನೂ ನಾನೇ. ಆದರೆ ಐದು ತಿಂಗಳ ನಂತರ ಆ ಊರಿನ ಗಾಡಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕಾಸರಗೋಡಿಗೆ ಯಾಕೆ ಬಂತು ಅಂತ ಕೇಳಲು ತೋಚಲಿಲ್ಲ. ಆ ಕಡೆಯ ಗಾಡಿಗಳೆಲ್ಲ ನೀರಲ್ಲಿ ಮುಳುಗಿದವು ಅಂತಲ್ಲ. ಕೇಳಬೇಕಿತ್ತು, ಅಷ್ಟೇ.

ಜೂನ್‌ನಲ್ಲಿ ಮಳೆ ಹಿಡಿಯಿತು. ಮೊದಲು ಒಳಗೆ ಒಂದು ಮುಗ್ಗಲು ವಾಸನೆ. ಒದ್ದೆ ಛತ್ರಿಯದ್ದು ಅಂದುಕೊಂಡೆ. ಆಮೇಲೆ ಡ್ರೈವರ್ ಬದಿಯ ಗ್ಲಾಸ್ ಕೆಳಗಿಳಿದದ್ದು ಮೇಲೆ ಬರಲಿಲ್ಲ. ಆಮೇಲೆ ಮೀಟರ್‌ನ ಲೈಟುಗಳು ಅವಕ್ಕೆ ಮನಸ್ಸು ಬಂದಾಗ ಉರಿಯತೊಡಗಿದವು. ಕೊನೆಗೆ ಒಂದು ಸಂಜೆ ಶಾಲೆಯ ಗೇಟಿನ ಹತ್ತಿರ ನಿಂತದ್ದು ಸ್ಟಾರ್ಟ್ ಆಗಲೇ ಇಲ್ಲ.

ಬದಿಯಡ್ಕದ ಮೆಕ್ಯಾನಿಕ್ ಒಬ್ಬರು ಬಂದರು. ಬಾನೆಟ್ ತೆರೆಯುತ್ತಾರೆ ಅಂತ ನಾನು ಕಾದರೆ, ಅವರು ಒಳಗೆ ಕೂತು ಸೀಟ್ ಬೆಲ್ಟ್ ಎಳೆದರು. ನಾವು ದಿನಾ ಹಾಕುವಷ್ಟಲ್ಲ. ಎಳೆದೂ ಎಳೆದೂ ರೀಲಿನ ಕೊನೆಯವರೆಗೆ. ಮೇಲಿನ ಭಾಗ ಕಪ್ಪಗೆ, ಶುಭ್ರವಾಗಿತ್ತು. ಕೊನೆಯ ಒಂದೂವರೆ ಅಡಿಯಲ್ಲಿ ಒಣಗಿದ ಕೆಸರಿನ ಗೆರೆ, ಟೀ ಚೆಲ್ಲಿ ಒಣಗಿದ ಕಲೆಯ ಹಾಗೆ. "ಸೀಟು ತೊಳಿತಾರೆ, ಮ್ಯಾಟ್ ಹೊಸತು ಹಾಕ್ತಾರೆ ಮಾಷ್ಟ್ರೇ. ಇದನ್ನು ಯಾರೂ ಎಳೆದು ನೋಡೋದಿಲ್ಲ" ಅಂದರು. ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದಾಗ ವಯರುಗಳ ಕನೆಕ್ಟರಿಗೆಲ್ಲ ಹಸಿರು ಕಿಲುಬು. ಸೀಟಿನ ಕೆಳಗಿನ ಹಳಿಗೆ ತುಕ್ಕು.

ಎಂಜಿನ್ ಕೆಟ್ಟರೆ ರಿಪೇರಿ ಉಂಟು. ವಯರಿಂಗಿಗೆ ನೀರು ಹೊಕ್ಕರೆ ಅದು ಮುಗಿಯುವ ಕೆಲಸವಲ್ಲ. ಇವತ್ತು ಇಲ್ಲಿ ಸರಿ ಮಾಡಿದರೆ ನಾಳೆ ಅಲ್ಲಿ. 54,000 ರೂಪಾಯಿ ಸುರಿದ ಮೇಲೆ 14ನೇ ತಿಂಗಳಿಗೆ ಕೊಟ್ಟೆ. 2,80,000ಕ್ಕೆ ತಂದದ್ದನ್ನು 1,40,000ಕ್ಕೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬಿಡಿಭಾಗಕ್ಕೆ ಬಿಚ್ಚುವವರಿಗೆ. ಹೆಂಡತಿ ಇನ್ನೂ ಆ ಲೆಕ್ಕ ತೆಗೆಯುತ್ತಾಳೆ.

ಬ್ರೋಕರ್ ಹತ್ತಿರ ಹೋಗಿ ಕೇಳಿದಾಗ ಅವರು ನಗುತ್ತಾ ಕರಾರು ಪತ್ರ ತೆಗೆದು ತೋರಿಸಿದರು. ಮಲಯಾಳದಲ್ಲಿ ಬರೆದದ್ದು, ಕೆಳಗೆ ನನ್ನ ಕನ್ನಡ ಸಹಿ. 'ಗಾಡಿಯನ್ನು ಈಗಿರುವ ಸ್ಥಿತಿಯಲ್ಲಿ ನೋಡಿ ಒಪ್ಪಿದ್ದೇನೆ' ಅಂತ ಅದರಲ್ಲಿತ್ತು. ನಮಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ತಡಕಾಡುತ್ತೇವೆ, ನಾಚಿಕೆಯಿಂದ 'ಓದಿದೆ' ಅನ್ನುತ್ತೇವೆ. ಸಹಿ ಹಾಕುವ ಮೊದಲು ಯಾರಿಂದಾದರೂ ಓದಿಸಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ.

ಇನ್ನೊಂದು ಕಾಗದವೂ ಅವತ್ತು ನನ್ನ ಕೈಯಲ್ಲೇ ಇತ್ತು, ಹಳೆಯ ಇನ್ಶೂರೆನ್ಸ್ ಪಾಲಿಸಿ. ಕ್ಲೇಮ್ ಮಾಡದ ವರ್ಷಗಳಿಗೆ ಕೊಡುವ ರಿಯಾಯಿತಿ, ಎನ್‌ಸಿಬಿ ಅಂತಾರಲ್ಲ, ಅದು ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಐದನೇ ವರ್ಷಕ್ಕೆ 50% ಆಗುತ್ತದೆ. 'ಒಂದು ಗೀರೂ ಬಿದ್ದಿಲ್ಲ' ಎನ್ನುವ ಆರು ವರ್ಷದ ಗಾಡಿಯ ಪಾಲಿಸಿಯಲ್ಲಿ ಅದು ಸೊನ್ನೆ ಇದ್ದರೆ ಏನರ್ಥ? ಇತ್ತೀಚೆಗೆ ಯಾರೋ ಕ್ಲೇಮ್ ಮಾಡಿರಬಹುದು, ಅಥವಾ ಗಾಡಿ ಆಗಲೇ ಕೈ ಬದಲಾಗಿರಬಹುದು. ಆ ರಿಯಾಯಿತಿ ಓನರ್‌ದು, ಗಾಡಿಯದ್ದಲ್ಲ, ನಮಗೆ ಬರೋದಿಲ್ಲ. ಆದರೂ ಆ ಸಾಲನ್ನು ಓದಲೇಬೇಕು. ನನ್ನದರಲ್ಲಿ ಸೊನ್ನೆ ಇತ್ತು.

ಎರಡನೇ ಸಲ ಮೂರು ತಿಂಗಳು ಹುಡುಕಿದೆ. ಏಳು ಗಾಡಿ ನೋಡಿದೆ. ಉಪ್ಪಳದಲ್ಲಿ ಕಡಲ ಬದಿಯ ಮನೆಯದ್ದೊಂದು ಮೇಲಿನಿಂದ ಚಂದವೋ ಚಂದ. ಕೆಳಗೆ ಮಲಗಿ ನೋಡಿದರೆ ಉಪ್ಪುಗಾಳಿಗೆ ತಳ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ತಲಪಾಡಿಯಲ್ಲಿ ಕೆಎ-19ರ ಗಾಡಿಯೊಂದು 30,000 ಕಡಿಮೆಗೆ ಸಿಗುತ್ತಿತ್ತು. ಆದರೆ ಗಡಿ ದಾಟಿಸಿ ಇಲ್ಲೇ ಇಟ್ಟುಕೊಳ್ಳುವುದಾದರೆ 12 ತಿಂಗಳ ನಂತರ ಇಲ್ಲಿಯ ನಂಬರ್ ಆಗಲೇಬೇಕು. ಅದಕ್ಕೆ ಮಂಗಳೂರು ಆರ್‌ಟಿಒದಿಂದ ಎನ್‌ಒಸಿ, ಫಾರಂ 28. ಮತ್ತೆ ಗಾಡಿಯ ವಯಸ್ಸಿಗೆ ತಕ್ಕಂತೆ ಕೇರಳದ ಟ್ಯಾಕ್ಸ್. ಸಾಲದ್ದಕ್ಕೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇತ್ತು. 'ಲೋನ್ ಯಾವಾಗಲೋ ಮುಗಿದಿದೆ' ಅಂದರು. ಮುಗಿದಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ಹೆಸರು ತೆಗೆಸಿ, ಆಮೇಲೆ ಮಾತಾಡೋಣ ಅಂದೆ. ಮತ್ತೆ ಫೋನ್ ಬರಲಿಲ್ಲ. ಉಳಿದ ನಾಲ್ಕು ಗಾಡಿಗಳ ಬಗ್ಗೆ ಬರೆಯುವುದು ದಂಡ.

ಏಳನೆಯದು ಈ ವ್ಯಾಗನ್ ಆರ್. ನೀರ್ಚಾಲು ಕಡೆಯ ಒಬ್ಬ ಅಡಿಕೆ ಕೃಷಿಕರದ್ದು. ಹೋಗುವ ಮೊದಲೇ ಫೋನ್ ಮಾಡಿ, 'ಬೆಳಗ್ಗೆ ಬರ್ತೇವೆ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ' ಅಂದಿದ್ದೆ. ಮೆಕ್ಯಾನಿಕ್ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಬಿಸಿ ಎಂಜಿನ್ ಬಹಳಷ್ಟು ಗುಟ್ಟು ಮುಚ್ಚಿಡುತ್ತದೆ. ತಣ್ಣಗಿರುವಾಗ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಅಂತ ಲೆಕ್ಕ. ಬರಲಿಲ್ಲ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಕೆನೆ ಇದ್ದರೆ ನೀರು ಸೇರಿರುವ ಸಂಶಯ. ಅದೂ ಇರಲಿಲ್ಲ.

ಗಾಡಿ ತೊಳೆದಿರಲೇ ಇಲ್ಲ. ಡಿಕ್ಕಿಯಲ್ಲಿ ಅಡಿಕೆ ಸಿಪ್ಪೆ, ದನದ ಹಿಂಡಿಯ ವಾಸನೆ. ಎಡಬದಿಯ ಎರಡೂ ಬಾಗಿಲಿಗೆ ಬೇಲಿ ತಾಗಿ ಉದ್ದ ಗೀರು. ಹೆಂಡತಿ ಮುಖ ತಿರುಗಿಸಿದಳು. ಆದರೆ ಟಯರಿನ ಮೇಲೆ 3313 ಅಂತಿತ್ತು, ಅಂದರೆ 2013ರ 33ನೇ ವಾರದಲ್ಲಿ ತಯಾರಾದದ್ದು. ಗಾಡಿಯ ಜೊತೆ ಬಂದ ಟಯರುಗಳೇ ಪೂರಾ ಸವೆದು ನಿಂತಿದ್ದವು. ಮೀಟರಿನ 46,000ಕ್ಕೂ ಆ ಸವೆತಕ್ಕೂ ಹೊಂದುತ್ತಿತ್ತು. (ಕೆಂಪು ಗಾಡಿಗೆ 38,000ಕ್ಕೇ ನಾಲ್ಕೂ ಹೊಸ ಟಯರು ಇದ್ದವು. ಆಗ ಅದನ್ನು ಲಾಭ ಅಂದುಕೊಂಡಿದ್ದೆ!) ಪೆಡಲಿನ ರಬ್ಬರ್, ಸ್ಟಿಯರಿಂಗ್, ಗೇರ್ ನಾಬ್ ಎಲ್ಲ ಅಷ್ಟೇ ಹಳತಾಗಿದ್ದವು. ಸೀಟ್ ಬೆಲ್ಟ್ ನಾನೇ ಎಳೆದೆ, ಕೊನೆಯವರೆಗೆ.

ಆಮೇಲೆ ಆ ಕೃಷಿಕರು ಒಳಗಿಂದ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ಏಳು ವರ್ಷದ ಸರ್ವಿಸ್ ಬಿಲ್ಲುಗಳು, ಮೀಟರ್ ರೀಡಿಂಗ್ ಸಮೇತ. ನಾನು ದುಡ್ಡು ಕೊಟ್ಟದ್ದು ಆ ಕವರಿಗೆ ಅಂದರೂ ತಪ್ಪಿಲ್ಲ. ಕೆಎಲ್-14ರಿಂದ ಕೆಎಲ್-14ಕ್ಕೇ ಆದ್ದರಿಂದ ಫಾರಂ 29, 30ರಲ್ಲಿ ಹೆಸರು ಬದಲಾವಣೆ ಗಲಾಟೆ ಇಲ್ಲದೆ ಮುಗಿಯಿತು.

ಇನ್ನು ಐದು ವರ್ಷದ ಅನುಭವ. ಎಂಜಿನ್ ಬಿಚ್ಚಿದ್ದೇ ಇಲ್ಲ. ಟೈಮಿಂಗ್ ಚೈನ್ ಇರುವ ಎಂಜಿನ್, ಬೆಲ್ಟ್ ಬದಲಿಸುವ ಖರ್ಚಿಲ್ಲ. ಪ್ರತಿ 10,000ಕ್ಕೆ ಆಯಿಲ್, ಫಿಲ್ಟರ್. ತೆಗೆದುಕೊಂಡ ವಾರವೇ ನಾಲ್ಕು ಟಯರು ಹಾಕಿಸಿದೆ, ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಕಳೆದಿದ್ದೆವು. ಬ್ಯಾಟರಿ ಎರಡು ಸಲ. 78,000ದಲ್ಲಿ ಕ್ಲಚ್. ಎ.ಸಿ. ಗ್ಯಾಸ್ ಒಮ್ಮೆ. ಮುಂದಿನ ಸಸ್ಪೆನ್ಶನ್ ಕೆಲಸ ಎರಡು ಸಲ ಆಯಿತು. ಅದಕ್ಕೆ ನಾನು ಗಾಡಿಯನ್ನು ದೂರುವುದಿಲ್ಲ. 66ನೇ ಹೆದ್ದಾರಿ ಆರು ಲೇನ್ ಆಗುವಾಗ ಸರ್ವಿಸ್ ರೋಡಿನ ಹೊಂಡಗಳಲ್ಲಿ ಓಡಿದ ಯಾವ ಗಾಡಿ ಉಳಿದಿದೆ ಹೇಳಿ. ಮೈಲೇಜ್ ಊರಲ್ಲಿ 16-17, ಹೈವೇಯಲ್ಲಿ 20ರ ಹತ್ತಿರ. ಈಗ ಬಂಕಿನಲ್ಲಿ ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಒಂದು ಕಿಲೋಮೀಟರ್ ಕಡಿಮೆ ಸಿಗುತ್ತಿದೆ ಅಂತ ನನ್ನ ಲೆಕ್ಕ. 2013ರ ಗಾಡಿ ಅದಕ್ಕೆಂದೇ ತಯಾರಾದದ್ದಲ್ಲ. ಮೆಕ್ಯಾನಿಕ್ ಹೇಳಿದರು ಅಂತ ಪೆಟ್ರೋಲ್ ಹೋಸ್ ಬದಲಿಸಿಟ್ಟಿದ್ದೇನೆ.

ಬೇಸರದ ಸಂಗತಿಯೂ ಇದೆ. ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಮಗಳು ಡ್ರೈವಿಂಗ್ ಕಲಿಯುತ್ತಿರುವಾಗ ಇದು ಚುಚ್ಚುತ್ತದೆ. ಇವತ್ತು ತೆಗೆದುಕೊಳ್ಳುವುದಾದರೆ ಇವೆರಡೂ ಇಲ್ಲದ ಗಾಡಿ ಎಷ್ಟೇ ಕಡಿಮೆಗೆ ಸಿಕ್ಕಿದರೂ ನಾನು ತೆಗೆದುಕೊಳ್ಳುವುದಿಲ್ಲ. ಗಾಳಿ ಜೋರಿದ್ದ ದಿನ ಹೈವೇಯಲ್ಲಿ ಎತ್ತರದ ಗಾಡಿ ಸ್ವಲ್ಪ ಓಲಾಡಿದ ಹಾಗೆ ಅನಿಸುತ್ತದೆ. 80 ದಾಟಿಸುವುದಿಲ್ಲ.

ಕಳೆದ ವರ್ಷ ಭಾವ ಒಂದು ಗಾಡಿ ನೋಡಿದಾಗ ನನ್ನನ್ನೂ ಕರೆದರು. ನಾನು ಮನೆಯಲ್ಲೇ ಕೂತು ಮೊದಲು ಸರಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಚಲನ್ ನೋಡಿದೆ. 2023ರ ಜೂನ್‌ನಿಂದ ಕೇರಳದಲ್ಲಿ ರಸ್ತೆಬದಿಯ ಕ್ಯಾಮೆರಾಗಳು ಫೈನ್ ಹಾಕುತ್ತಿವೆ, ಅಲ್ವಾ? 'ವಾರಕ್ಕೊಮ್ಮೆ ಪೇಟೆಗೆ ಮಾತ್ರ' ಅಂದಿದ್ದ ಆ ಗಾಡಿಗೆ ಕಣ್ಣೂರು, ಕೋಝಿಕ್ಕೋಡ್, ತ್ರಿಶ್ಶೂರ್ ಹೀಗೆ ಊರೂರಿನ ಹನ್ನೊಂದು ಫೈನ್ ಬಾಕಿ ಇತ್ತು. ನೋಡಲು ಹೋಗುವ ಪೆಟ್ರೋಲ್ ಉಳಿಯಿತು.

ನನ್ನ ಗಾಡಿಯ ಆರ್‌ಸಿ 2028ಕ್ಕೆ ಮುಗಿಯುತ್ತದೆ. 15 ವರ್ಷ ದಾಟಿದ ಕಾರಿನ ರಿನ್ಯೂ ಫೀಸು 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿ ಆಯಿತು. ಅದರ ಮೇಲೆ ಟ್ಯಾಕ್ಸ್, ಟಿಂಕರಿಂಗ್, ಪೇಂಟ್. ಆಗ ಇಟ್ಟುಕೊಳ್ಳುವುದೋ ಕೊಡುವುದೋ ಗೊತ್ತಿಲ್ಲ. ಸದ್ಯಕ್ಕೆ ಹಿಂದಿನ ಬ್ರೇಕ್ ಶೂ ಸವೆದಿದೆ, ಶನಿವಾರ ಹಾಕಿಸಬೇಕು. ಬಿಲ್ಲು ಅದೇ ಜವಳಿ ಅಂಗಡಿಯ ಕವರಿಗೆ ಹೋಗುತ್ತದೆ.