ಲಿಂಟ್ ಫಿಲ್ಟರ್: ನಾರು ತಡೆಯುತ್ತದೆ, ನ್ಯಾನೊಪ್ಲಾಸ್ಟಿಕ್ ತಡೆಯುವುದಿಲ್ಲ

ವಾಷಿಂಗ್ ಮಷೀನಿನ ನೀರು ಹೊರಬೀಳುವ ಪೈಪಿಗೆ ಜೋಡಿಸುವ ಲಿಂಟ್ ಫಿಲ್ಟರ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿ, ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯಲ್ಲಿ ಈ ಮಳೆಗಾಲವಿಡೀ ಬಳಸಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರು ಆವರಣದಲ್ಲಿರುವ ಶುದ್ಧೀಕರಣ ಘಟಕಕ್ಕೆ, ಅಂದರೆ ಎಸ್‌ಟಿಪಿಗೆ ಹೋಗುತ್ತದೆ. ಅಲ್ಲಿ ಉಳಿಯುವ ಕೆಸರನ್ನು, ಅಂದರೆ ಸ್ಲಡ್ಜನ್ನು, ಒಣಗಿಸಿ ತೋಟಕ್ಕೆ ಗೊಬ್ಬರವಾಗಿ ಹಾಕುತ್ತೇವೆ. ಆ ಘಟಕದ ಉಸ್ತುವಾರಿ ನನ್ನ ಪಾಲಿಗಿರುವುದರಿಂದ ಈ ಫಿಲ್ಟರನ್ನು ಆ ದೃಷ್ಟಿಯಿಂದಲೇ ಪರೀಕ್ಷಿಸಿದೆ.

ನಾರು ಹಿಡಿಯುವ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. ಇಲ್ಲಿಯ ಮಳೆಗೆ ಹತ್ತಿ ಬಟ್ಟೆ ಬೇಗ ಒಣಗದೆಂದು ಎಲ್ಲರೂ ಪಾಲಿಯೆಸ್ಟರ್ ಉಡುಪನ್ನೇ ಹೆಚ್ಚು ಬಳಸುತ್ತೇವೆ. ಅಂಥ ಬಟ್ಟೆಗಳನ್ನೂ ಒಂದು ಫ್ಲೀಸ್ ಹೊದಿಕೆಯನ್ನೂ ಒಗೆದ ಮೇಲೆ ಮುಚ್ಚಳ ತೆರೆದರೆ, ಸ್ಟೀಲ್ ಜಾಲರಿಯ ಒಳಮೈಗೆ ಬೂದು ಬಣ್ಣದ ನಾರು ಒದ್ದೆ ಕಂಬಳಿಯಂತೆ ಅಂಟಿಕೊಂಡಿತ್ತು. ಇಷ್ಟೂ ಮೊದಲು ನೇರವಾಗಿ ಎಸ್‌ಟಿಪಿ ಸೇರುತ್ತಿತ್ತು.

ಶುದ್ಧೀಕರಣ ಘಟಕವು ನೀರಿನಲ್ಲಿರುವ ಪಾಲಿಯೆಸ್ಟರ್‌ನಂಥ ಪ್ಲಾಸ್ಟಿಕ್ ನಾರಿನ, ಅಂದರೆ ಮೈಕ್ರೊಪ್ಲಾಸ್ಟಿಕ್‌ನ ಬಹುಪಾಲನ್ನು ಬೇರ್ಪಡಿಸುತ್ತದೆ, ಆದರೆ ಬೇರ್ಪಟ್ಟದ್ದು ಸ್ಲಡ್ಜ್‌ನಲ್ಲಿ ಉಳಿಯುತ್ತದೆ. ಕೊಳಚೆಯನ್ನು ಕೊಳೆಸಿ ಶುದ್ಧಗೊಳಿಸುವ ಸೂಕ್ಷ್ಮಜೀವಿಗಳು ತಾವೇ ಸ್ರವಿಸುವ ಅಂಟಿನಿಂದ ಕೂಡಿಕೊಂಡು ಸಣ್ಣ ಗುಂಪುಗಳಾಗಿ ಬದುಕುವುದೂ ಅಲ್ಲಿಯೇ. ನಾರು ಸವೆದು ಒಂದು ಮೈಕ್ರೊಮೀಟರಿಗಿಂತ, ಅಂದರೆ 1,000 ನ್ಯಾನೊಮೀಟರಿಗಿಂತ, ಚಿಕ್ಕ ಚೂರಾಗಿ ನ್ಯಾನೊಪ್ಲಾಸ್ಟಿಕ್ ಆದಾಗ ಅದು ಜೀವಕೋಶದ ಪೊರೆಗೆ ಅಂಟಿ, ಕೋಶಕ್ಕೆ ಹಾನಿಮಾಡುವ ಉಗ್ರ ಆಮ್ಲಜನಕ ಕಣಗಳು ಹುಟ್ಟಲು ಕಾರಣವಾಗಬಲ್ಲದು. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಮೀಥೇನ್ ಉತ್ಪಾದಿಸುವ ಜೀವಿಗಳು ನಿಧಾನವಾಗಿ ಬೆಳೆಯುವುದರಿಂದ ಒಮ್ಮೆ ಕುಗ್ಗಿದರೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಪ್ರಯೋಗಾಲಯಗಳಲ್ಲಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನ್ಯಾನೊಕಣಗಳನ್ನು ಹೆಚ್ಚು ಪ್ರಮಾಣದಲ್ಲಿ ಬೆರೆಸಿದಾಗ ಅನಿಲದ ಉತ್ಪತ್ತಿ ಕುಸಿದದ್ದೂ ಉಂಟು. ಪ್ರಯೋಗಗಳಲ್ಲಿ ಬಳಸುವ ಪ್ರಮಾಣ ಸಾಮಾನ್ಯ ಕೊಳಚೆಯಲ್ಲಿರುವುದಕ್ಕಿಂತ ಹಲವೊಮ್ಮೆ ಬಹಳ ಹೆಚ್ಚಿರುತ್ತದೆ ಎಂಬುದನ್ನು ಮರೆಯಬಾರದು. ಆದರೂ ವರ್ಷಗಟ್ಟಲೆ ಸ್ಲಡ್ಜ್‌ನಲ್ಲಿ ಕೂಡುತ್ತಲೇ ಹೋಗುವ ವಸ್ತುವನ್ನು ಮನೆಯಲ್ಲೇ ತಡೆಯುವುದು ಮೇಲೆಂದು ನನ್ನ ಅಭಿಪ್ರಾಯ. ಊರಿನ ಕೊಳಚೆ ಹೊತ್ತು ಶಹಾಪುರ, ವಡಗಾವಿಯ ಗದ್ದೆಗಳ ನಡುವೆ ಹರಿಯುವ ಬಳ್ಳಾರಿ ನಾಲಾವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ತಕರಾರಿರುವುದು ಡಬ್ಬಿಯ ಮೇಲಿನ ಬರಹದ ಬಗ್ಗೆ. ‘ನ್ಯಾನೊಪ್ಲಾಸ್ಟಿಕ್‌ಗೆ ಪೂರ್ಣ ತಡೆ’ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದೆ, ಒಳಗಿನ ಕೈಪಿಡಿಯಲ್ಲಿ ಜಾಲರಿಯ ರಂಧ್ರ 100 ಮೈಕ್ರಾನ್ ಎಂದಿದೆ. ಅಂದರೆ 1,00,000 ನ್ಯಾನೊಮೀಟರ್. ಅತಿ ದೊಡ್ಡ ನ್ಯಾನೊಕಣಕ್ಕಿಂತಲೂ ನೂರು ಪಟ್ಟು ಅಗಲವಾದ ಈ ರಂಧ್ರದಲ್ಲಿ ಅದು ಸಲೀಸಾಗಿ ನುಸುಳಿ ಹೋಗುತ್ತದೆ. ಇದು ಗ್ರಾಹಕರಿಗೆ ಮಾಡುವ ವಂಚನೆ, ಕಂಪನಿ ಈ ಸಾಲನ್ನು ತೆಗೆಯಲೇಬೇಕು.

ಅದಕ್ಕಿಂತ ದೊಡ್ಡ ಲೋಪವೆಂದರೆ, ಜಾಲರಿಯನ್ನು ನಲ್ಲಿಯ ಕೆಳಗೆ ತೊಳೆಯಿರಿ ಎಂಬ ಸೂಚನೆ. ಹಾಗೆ ತೊಳೆದರೆ ಹಿಡಿದ ನಾರೆಲ್ಲ ಮತ್ತೆ ಅದೇ ಎಸ್‌ಟಿಪಿಗೆ ಹೋಗುತ್ತದೆ, ಫಿಲ್ಟರ್ ಹಾಕಿಯೂ ಪ್ರಯೋಜನವಿಲ್ಲ. ಜಾಲರಿಯನ್ನು ಒಣಗಲು ಬಿಟ್ಟು, ಹಳೆಯ ಟೂತ್‌ಬ್ರಷ್‌ನಿಂದ ನಾರನ್ನು ಕಾಗದದ ಮೇಲೆ ಉದುರಿಸಿ, ಮಡಚಿ ಒಣಕಸಕ್ಕೆ ಹಾಕಬೇಕು.

ಎಸ್‌ಟಿಪಿ ಅಥವಾ ಸೆಪ್ಟಿಕ್ ಟ್ಯಾಂಕ್ ಇರುವವರು ನಾರು ತಡೆಯುವುದಕ್ಕೆಂದು ಇದನ್ನು ಧಾರಾಳವಾಗಿ ಕೊಳ್ಳಬಹುದು. ನ್ಯಾನೊ ಎಂಬ ಹೆಸರಿಗಾಗಿ ದುಬಾರಿ ಮಾದರಿ ಬೇಡ. ಮುಚ್ಚಳದ ರಬ್ಬರ್ ವಾಷರ್ ಬೇಗ ಸಡಿಲಗೊಂಡು ನೀರು ಜಿನುಗತೊಡಗಿತು. ಬಿಡಿ ವಾಷರನ್ನು ಕಂಪನಿ ಮಾರುವುದಿಲ್ಲ, ಆದರೆ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಾಮಾನ್ಯ ವಾಷರ್ ಸರಿಯಾಗಿ ಕೂಡುತ್ತದೆ.